ತೀರ್ಮಾನದ ತಾರೀಕು

ದೊಡ್ಡ ಓಟಕ್ಕೆ ಮುಂಚೆ ಹುಷಾರು ತಪ್ಪಿದವರಿಗೆ ಜನ ಎರಡು ಥರದ ಸಮಾಧಾನ ಹೇಳುತ್ತಾರೆ. ಒಂದು, "ಏನೂ ಆಗಲ್ಲ ಕಣೇ, ನೀನು ಓಡೇ ಓಡ್ತೀಯ, ನೋಡ್ತಿರು." ಇನ್ನೊಂದು, "ಹೋಗ್ಲಿ ಬಿಡು, ಮುಂದಿನ ವರ್ಷ ಇದ್ದೇ ಇದೆಯಲ್ಲ." 2024ರ ಫೆಬ್ರವರಿಯಿಂದ ಜೂನ್‌ವರೆಗೆ ಈ ಎರಡೂ ಮಾತನ್ನು ನಾನು ಬೇಕಾದಷ್ಟು ಕೇಳಿದೆ. ಹೇಳಿದವರೆಲ್ಲ ನನ್ನವರೇ. ಪ್ರೀತಿಯಿಂದಲೇ ಹೇಳಿದರು. ಆದರೂ ಎರಡರಲ್ಲಿ ಯಾವುದನ್ನು ಕೇಳಿದರೂ ಫೋನ್ ಇಟ್ಟ ಮೇಲೆ ಮನಸ್ಸು ಇನ್ನಷ್ಟು ಕುಗ್ಗುತ್ತಿತ್ತು. ಒಂದು ಮಾತು ಧೈರ್ಯದ್ದು, ಇನ್ನೊಂದು ಬಿಟ್ಟುಕೊಡುವ ಮಾತು. ಎರಡೂ ಒಂದೇ ಥರ ಯಾಕೆ ನೋಯಿಸಬೇಕು? ಈ ಪ್ರಶ್ನೆ ಓಟ ಮುಗಿದು ಇಷ್ಟು ದಿನವಾದರೂ ನನ್ನನ್ನು ಬಿಟ್ಟಿಲ್ಲ.

ಓಟ ಅಂದರೆ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್. ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ಊರುಗಳ ನಡುವೆ, ಸಾಮಾನ್ಯವಾಗಿ ಒಂದು ವರ್ಷ ಸಮುದ್ರದ ಕಡೆಯಿಂದ ಮೇಲಕ್ಕೆ, ಮರುವರ್ಷ ಮೇಲಿಂದ ಸಮುದ್ರದ ಕಡೆಗೆ. 2024ರದ್ದು ಮೇಲಕ್ಕೆ ಹತ್ತುವ ವರ್ಷ, ಸುಮಾರು 86 ಕಿಲೋಮೀಟರ್. ಹನ್ನೆರಡು ಗಂಟೆಯೊಳಗೆ ಮುಗಿಸಬೇಕು. ಹನ್ನೆರಡು ಗಂಟೆ ತುಂಬಿದ ಕ್ಷಣ, ಓಟಗಾರರಿಗೆ ಬೆನ್ನು ಮಾಡಿ ನಿಂತವರೊಬ್ಬರು ಗುಂಡು ಹಾರಿಸುತ್ತಾರೆ. ಗೆರೆಗೆ ಎರಡು ಹೆಜ್ಜೆ ಹಿಂದಿದ್ದವರಿಗೂ ಪದಕ ಇಲ್ಲ. ನಾನು ಮೈಸೂರಿನವಳು. ಹತ್ತುವ ವರ್ಷವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಚಾಮುಂಡಿ ಬೆಟ್ಟ. ಮನೆ ಪಕ್ಕದಲ್ಲೇ ಅಂಥ ಏರು ಇರುವಾಗ ಅದನ್ನು ನಂಬಿ ತಯಾರಾಗಬಹುದು ಅನ್ನುವುದು ನನ್ನ ಲೆಕ್ಕ. ಹಾಗಾಗಿ "ಮುಂದಿನ ವರ್ಷ ಇದ್ದೇ ಇದೆ" ಅನ್ನುವ ಮಾತು ನನ್ನ ವಿಷಯದಲ್ಲಿ ಅಷ್ಟು ನಿಜವೂ ಅಲ್ಲ. ಮುಂದಿನ ವರ್ಷ ಇಳಿಯುವ ಓಟ. ಇಳಿಯುವುದಕ್ಕೆ ತೊಡೆ ಬೇರೆ ಥರ ಗಟ್ಟಿಯಾಗಬೇಕು. ಊರು ಅದೇ, ರಸ್ತೆ ಅದೇ, ಓಟ ಮಾತ್ರ ಬೇರೆ.

ಕೊನೆಗೆ ಏನಾಯಿತು ಅಂತ ಈಗಲೇ ಹೇಳಿಬಿಡುತ್ತೇನೆ. ಹೋದೆ. ಹೊರಟೆ. ಮುಗಿಸಲಿಲ್ಲ. ಅರ್ಧ ದಾರಿ ದಾಟಿ, ಇಂಚಂಗಾ ಅನ್ನುವ ಏರು ಹತ್ತಿಳಿದ ಮೇಲೆ ಒಂದು ಕಟ್-ಆಫ್ ಗೇಟಿನಲ್ಲಿ, ಅಂದರೆ ಗೊತ್ತುಮಾಡಿದ ಹೊತ್ತಿನೊಳಗೆ ದಾಟದವರನ್ನು ನಿಲ್ಲಿಸುವ ಜಾಗದಲ್ಲಿ, ನನ್ನ ಸಮಯ ಮುಗಿಯಿತು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಕಾಯಿಲೆ, ಗಾಯ, ಆಮೇಲೆ ಓಟ ಅಂತ ಬರೆಯುವ ಬರಹಗಳಲ್ಲಿ ಪದಕ ಸಿಕ್ಕಿತೋ ಇಲ್ಲವೋ ಅನ್ನುವುದೇ ಹಿಂದಿನ ದಿನಗಳಿಗೆಲ್ಲ ಬೆಲೆ ಕಟ್ಟಿಬಿಡುತ್ತದೆ. ಪದಕ ಸಿಕ್ಕಿದರೆ ಧೈರ್ಯ, ಸಿಗದಿದ್ದರೆ ಹುಂಬತನ. ಆ ನಾಲ್ಕು ತಿಂಗಳನ್ನು ನಾನು ಹಾಗೆ ತೂಗಲು ಒಪ್ಪುವುದಿಲ್ಲ.

ಜ್ವರ ಬಿಟ್ಟ ದಿನ

ಜನವರಿ 21ಕ್ಕೆ ಮುಂಬೈ ಮ್ಯಾರಥಾನ್ ಓಡಿ, ಕಾಮ್ರೇಡ್ಸ್‌ಗೆ ಬೇಕಿದ್ದ ಸಮಯದೊಳಗೆ ಮುಗಿಸಿ ಬಂದಿದ್ದೆ. ಫೆಬ್ರವರಿಯಲ್ಲಿ ವಾರದ ಕಿಲೋಮೀಟರ್ ಏರುತ್ತಾ ಹೋಯಿತು. ತಿಂಗಳ ಕೊನೆಯಲ್ಲಿ ಒಂದು ಸಂಜೆ ಕಣ್ಣ ಹಿಂದೆ ನೋವು, ಮೈಯೆಲ್ಲ ಒಡೆದು ಹಾಕಿದ ಹಾಗೆ. ಮಾರನೇ ದಿನ ರಕ್ತ ಕೊಟ್ಟಾಗ ಡೆಂಗಿ ಅಂತ ಬಂತು. ನಾಲ್ಕನೇ ದಿನಕ್ಕೆ ಪ್ಲೇಟ್‌ಲೆಟ್ ಇಳಿಯುತ್ತಿದೆ, ಅಡ್ಮಿಟ್ ಆಗಿ ಅಂದರು.

ಅಮ್ಮ ನಂಜನಗೂಡಿನಿಂದ ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ಪಪ್ಪಾಯಿ ಎಲೆ ರಸ. ಪಕ್ಕದ ಮನೆಯವರು, ಅತ್ತೆ, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರೂ ಅದನ್ನೇ ಹೇಳಿದ್ದರಂತೆ. "ಮೂಗು ಮುಚ್ಕೊಂಡು ಒಂದೇ ಸಲ ಕುಡಿದ್ಬಿಡು ಮಗಾ" ಅಂದರು. ನರ್ಸ್ ನೋಡಿ, ಡಾಕ್ಟರನ್ನು ಕೇಳಿ ಬಂದು, ವಾಂತಿ ಆಗುತ್ತಿರುವವರಿಗೆ ಇದು ಬೇಡ, ನೀರು, ಎಳನೀರು, ಗಂಜಿ ಎಷ್ಟು ಹೋಯಿತು ಅನ್ನೋದನ್ನ ಬರೆದಿಡಿ, ಅದೇ ಮುಖ್ಯ ಅಂದರು. ಅಮ್ಮ ಡಬ್ಬಿ ಮುಚ್ಚಿಟ್ಟರು. ತಮ್ಮ ಚೀಲದಿಂದ ಒಂದು ಹಳೇ ಮದುವೆ ಕಾಗದ ತೆಗೆದು ಅದರ ಹಿಂಬದಿಯಲ್ಲಿ ಗೆರೆ ಹಾಕಿದರು. ನೀರು, ಎಳನೀರು, ಗಂಜಿ. ಪ್ರತಿ ಲೋಟಕ್ಕೂ ಒಂದು ಗೀಟು. ರಾತ್ರಿ ಎಚ್ಚರವಾದಾಗಲೆಲ್ಲ ಅವರು ಆ ಕಾಗದವನ್ನು ದೀಪದ ಕಡೆ ಹಿಡಿದು ಗೀಟು ಎಣಿಸುವುದು ಕಾಣುತ್ತಿತ್ತು.

ಒಂದು ಬೆಳಗ್ಗೆ ಜ್ವರ ಬಿಟ್ಟಿತು. ಮೈ ಬೆವತು ತಣ್ಣಗಾಯಿತು. ತಲೆ ಹಗುರ. ಕಾಫಿ ಕೇಳಿದೆ. ಕಿಟಕಿ ತೆಗೆಸಿದೆ. ಓಟದ ದಿನವಾದ ಜೂನ್ 9ಕ್ಕೆ ಇನ್ನು ಎಷ್ಟು ವಾರ, ಎಷ್ಟು ಲಾಂಗ್ ರನ್ ಹಿಡಿಸಬಹುದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಷ್ಟು ಖುಷಿ ಅಂದರೆ ಅಮ್ಮನಿಗೆ "ಸಾಯಂಕಾಲ ಮನೆಗೆ ಹೋಗೋಣ" ಅಂದುಬಿಟ್ಟೆ. ಅಷ್ಟರಲ್ಲಿ ಡ್ಯೂಟಿ ಡಾಕ್ಟರ್ ಬಂದರು, ಚಿಕ್ಕ ವಯಸ್ಸಿನ ಹುಡುಗಿ. ರಿಪೋರ್ಟ್ ನೋಡಿದರು, ಕೈ ಮುಟ್ಟಿ ನೋಡಿದರು. "ಜ್ವರ ಬಿಟ್ಟಿದೆ ಅಲ್ವಾ, ಇನ್ನೆರಡು ದಿನ ಜಾಸ್ತಿ ಹುಷಾರಾಗಿರಬೇಕು" ಅಂದರು. ಪ್ಲೇಟ್‌ಲೆಟ್ ಆ ದಿನವೇ 38 ಸಾವಿರಕ್ಕೆ ಇಳಿದಿತ್ತು.

ಡೆಂಗಿಯ ರೀತಿಯೇ ಹಾಗೆ. ಅಪಾಯದ ಹೊತ್ತು ಶುರುವಾಗುವುದು ಜ್ವರ ಏರಿದಾಗ ಅಲ್ಲ, ಇಳಿದಾಗ. ಸಣ್ಣ ರಕ್ತನಾಳಗಳಿಂದ ನೀರಿನಂಶ ಹೊರಕ್ಕೆ ಸೋರುತ್ತದೆ, ಒಳಗೆ ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯಬಹುದು. ಅದಕ್ಕೇ ಅವರು ಪ್ಲೇಟ್‌ಲೆಟ್ ಜೊತೆಗೆ ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನುವುದನ್ನೂ ನೋಡುತ್ತಾರೆ. ಅದಕ್ಕೇ ಲೋಟದ ಲೆಕ್ಕ. ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಮಾತ್ರೆ ಬೇಡ ಅನ್ನುವುದೂ ಅದಕ್ಕೇ; ಐಬುಪ್ರೊಫೆನ್, ಆಸ್ಪಿರಿನ್ ಥರದವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ನನಗೆ ಆ ಬೆಳಗ್ಗೆ ಮನಸ್ಸಿನಲ್ಲಿ ಉಳಿದದ್ದು ಬೇರೆ ವಿಷಯ. ನಾನು ಅತಿ ಆಶೆಯಿಂದ ಇದ್ದ ಗಂಟೆಯೇ ಮೈಗೆ ಅತಿ ಕೆಟ್ಟ ಗಂಟೆಯಾಗಿತ್ತು. ನನ್ನ ಮನಸ್ಸು ಹೇಗಿದೆ ಅನ್ನುವುದು ಮೈಯೊಳಗೆ ಏನಾಗುತ್ತಿದೆ ಅನ್ನುವುದರ ಸುದ್ದಿ ಅಲ್ಲವೇ ಅಲ್ಲ. ಅಮ್ಮನಿಗೆ ಆಶೆ ಎಷ್ಟಿತ್ತೋ ಭಯ ಅದಕ್ಕಿಂತ ಜಾಸ್ತಿ ಇತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಅವರ ಕೈಯಲ್ಲಿ ಒಂದು ಕೆಲಸ ಇತ್ತು. ಆ ಎರಡು ದಿನ ನನ್ನ ಉತ್ಸಾಹದಿಂದ ಏನೂ ಆಗಲಿಲ್ಲ. ಆ ಗೀಟುಗಳಿಂದ ಆಯಿತು.

ಮನೆಗೆ ಬಂದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಡೆಂಗಿ ಆದವರಿಗೆಲ್ಲ ಈ ಸುಸ್ತು ಗೊತ್ತು, ವಾರಗಟ್ಟಲೆ ಬಿಡುವುದಿಲ್ಲ. ನಮ್ಮ ಓಟದ ಗುಂಪಿನ ವಾಟ್ಸಾಪ್‌ನಲ್ಲಿ ಬೆಳಗ್ಗೆ ಏಳಕ್ಕೆಲ್ಲ ಎಲ್ಲರ ಕಿಲೋಮೀಟರ್ ಬಂದು ಬೀಳುತ್ತಿತ್ತು. ನಾನು ಹಾಸಿಗೆಯಲ್ಲಿ ಕೂತು ಒಂದೊಂದನ್ನೂ ಓದುತ್ತಿದ್ದೆ. ಅಸೂಯೆ ಆಗುತ್ತಿತ್ತು. ಅದನ್ನು ಯಾಕೆ ಮುಚ್ಚಿಡಬೇಕು? ಓಡಲು ಆಗದವಳಿಗೆ ಓಡುವವರನ್ನು ಕಂಡರೆ ಅಸೂಯೆ ಆಗುವುದು ಹಸಿದವಳಿಗೆ ಪಕ್ಕದ ಮನೆ ಒಗ್ಗರಣೆ ವಾಸನೆ ಬಂದ ಹಾಗೆ. ಬರುತ್ತದೆ, ಅಷ್ಟೇ. ಒಂದು ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸ್ವಲ್ಪ ದೂರ ನಡೆದು, ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಅತ್ತ ಮೇಲೆ ಹಗುರಾಯಿತು. ನಗುನಗುತ್ತಾ ಇರು ಅಂತ ಹೇಳುವವರು ಈ ಅಳುವಿಗೆ ಜಾಗವನ್ನೇ ಬಿಡುವುದಿಲ್ಲ.

ಗೆದ್ದವರ ಕತೆಗಳು

ಆ ದಿನಗಳಲ್ಲಿ ನನಗೆ ಬಂದ ಸ್ಫೂರ್ತಿಯ ಕತೆಗಳಲ್ಲಿ ಎಲ್ಲರೂ ಕಳಿಸಿದ್ದು ಅಮೆರಿಕದ ಮ್ಯಾರಥಾನ್ ಓಟಗಾರ್ತಿ ಜೋನ್ ಬೆನಾಯ್ಟ್‌ರದ್ದು. 1984ರಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆ ಓಟಕ್ಕೆ ಕೆಲವು ವಾರ ಮುಂಚೆ ಅವರ ಬಲ ಮೊಣಕಾಲು ಕೈಕೊಟ್ಟಿತು. ಏಪ್ರಿಲ್ 25ಕ್ಕೆ ಆಪರೇಷನ್. ಮೇ 12ಕ್ಕೆ ಆಯ್ಕೆ ಓಟ. ಹದಿನೇಳು ದಿನ. ಆ ಓಟ ಗೆದ್ದರು. ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನನ್ನೂ ಗೆದ್ದರು. ಈ ಕತೆ ನಿಜ, ದೊಡ್ಡದು. ಆದರೆ ಇದನ್ನು ಕಳಿಸುವವರು ಕೊನೆಯ ಸಾಲಿಗಾಗಿ ಕಳಿಸುತ್ತಾರೆ. "ನೋಡು, ಅವಳು ಗೆದ್ದಳು, ನೀನೂ ಗೆಲ್ತೀಯ." ಗೆಲ್ಲದಿದ್ದರೆ ಈ ಕತೆಯನ್ನು ಯಾರೂ ಯಾರಿಗೂ ಕಳಿಸುತ್ತಿರಲಿಲ್ಲ ಅಲ್ವಾ?

ನನಗೆ ಈ ಕತೆಯ ಮಧ್ಯದ ಭಾಗ ಮುಖ್ಯ. ಆಪರೇಷನ್ ಆದ ಮೇಲೆ ಕಾಲು ಆಡಿಸುವ ಹಾಗಿರಲಿಲ್ಲ. ಅವರು ವ್ಯಾಯಾಮದ ಸೈಕಲ್ಲಿನ ಪೆಡಲನ್ನು ಕೈಯಿಂದ ತುಳಿದರು. ಉಸಿರು, ಎದೆಬಡಿತ ಇಳಿಯದಿರಲಿ ಅಂತ. ಮತ್ತೆ ಓಡಲು ಶುರು ಮಾಡಿದಾಗ ಆ ಕಾಲನ್ನು ಕಾಪಾಡಲು ಹೋಗಿ ಇನ್ನೊಂದು ಕಾಲಿನ ತೊಡೆಯ ಹಿಂಭಾಗ ಹಿಡಿದುಕೊಂಡಿತು. ಅದಕ್ಕೂ ಚಿಕಿತ್ಸೆ ನಡೆಯಿತು. ಆ ಹದಿನೇಳು ದಿನ ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ಬೇಡ. ಕೈಯಿಂದ ಪೆಡಲ್ ತುಳಿಯುತ್ತಾ ಕೂತದ್ದು ಸಾಕು. ಅಲ್ಲಿ ನನಗೆ ಅಮ್ಮನ ಗೀಟುಗಳೇ ಕಾಣುತ್ತವೆ.

ಜರ್ಮನಿಯ ಮನಶ್ಶಾಸ್ತ್ರಜ್ಞೆ ಗಾಬ್ರಿಯೆಲೆ ಓಟಿಂಗನ್ ಈ ವಿಷಯವನ್ನು ವರ್ಷಗಟ್ಟಲೆ ನೋಡಿದವರು. ಸೊಂಟದ ಕೀಲು ಬದಲಿಸುವ ಆಪರೇಷನ್‌ಗೆ ಬಂದವರನ್ನೂ ಅವರು ಮತ್ತು ಜೊತೆಯವರು ಗಮನಿಸಿದ್ದರು. ವಾಸಿಯಾಗುವ ಸಾಧ್ಯತೆ ಇದೆ ಅಂತ ನಂಬಿದ್ದವರು ಚೆನ್ನಾಗಿ ಚೇತರಿಸಿಕೊಂಡರು. ಆದರೆ ವಾಸಿಯಾದ ಮೇಲಿನ ಸೊಗಸಾದ ದೃಶ್ಯಗಳನ್ನು ಕಣ್ಣ ಮುಂದೆ ತಂದುಕೊಂಡು ಕೂತವರ ಚೇತರಿಕೆ ಅಷ್ಟು ಚೆನ್ನಾಗಿರಲಿಲ್ಲ. ಕನಸಿನಲ್ಲಿ ಗೆರೆ ದಾಟಿಬಿಟ್ಟರೆ ಮೈ ಆಗಲೇ ದಾಟಿದ ಹಾಗೆ ಸಡಿಲವಾಗುತ್ತದೆ ಅನ್ನುವುದು ಅವರ ವಿವರಣೆ. ಇದನ್ನು ಓದಿದ ಮೇಲೆ ನಾನು ಕಾಮ್ರೇಡ್ಸ್‌ನ ಕೊನೆಯ ಗೆರೆಯ ವಿಡಿಯೋ ನೋಡುವುದನ್ನು ಬಿಟ್ಟೆ. ಬದಲಿಗೆ ರಸ್ತೆಯ ನಕ್ಷೆ ನೋಡಿದೆ. ಕೌವೀಸ್ ಹಿಲ್, ಫೀಲ್ಡ್ಸ್ ಹಿಲ್, ಬೋಥಾಸ್ ಹಿಲ್, ಇಂಚಂಗಾ, ಕೊನೆಯಲ್ಲಿ ಪಾಲಿ ಶಾರ್ಟ್ಸ್. ಹೆಸರಿರುವ ಐದು ಏರುಗಳು. ಯಾವುದನ್ನು ನಡೆದು ಹತ್ತಬೇಕು, ಎಲ್ಲಿ ಉಪ್ಪು ತಿನ್ನಬೇಕು ಅಂತ ಯೋಚಿಸುವಾಗ ಮನಸ್ಸು ನೆಲದ ಮೇಲೆ ಇರುತ್ತಿತ್ತು.

ಇನ್ನೊಂದು ಸಂಗತಿಯೂ ನನ್ನನ್ನು ಹಿಡಿದು ನಿಲ್ಲಿಸಿತು. ಓಟ ಬಿಟ್ಟ ಕೂಡಲೇ ಎಲ್ಲ ಹೋಯಿತು ಅನ್ನಿಸುತ್ತದೆ. ಹಾಗಾಗುವುದಿಲ್ಲ. ಮೊದಲ ದಿನಗಳಲ್ಲಿ ಇಳಿಯುವುದು ಹೆಚ್ಚಾಗಿ ರಕ್ತದ ನೀರಿನಂಶ. ಮತ್ತೆ ಓಡಿದರೆ ಅದು ಬೇಗ ತುಂಬಿಕೊಳ್ಳುತ್ತದೆ. ಚೆನ್ನಾಗಿ ತಯಾರಾಗಿದ್ದ ಕ್ರೀಡಾಪಟುಗಳು ತರಬೇತಿ ಬಿಟ್ಟರೆ ಏನಾಗುತ್ತದೆ ಅಂತ 1984ರಲ್ಲಿ ನಡೆದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಮೂರು ವಾರಕ್ಕೆ ಆಮ್ಲಜನಕ ಬಳಸುವ ಶಕ್ತಿ ಇಳಿದದ್ದು ಸುಮಾರು ಶೇ. 7. ಎಂಟು ವಾರಕ್ಕೆ ಸುಮಾರು ಶೇ. 16, ಆಮೇಲೆ ಇಳಿಯುವುದು ನಿಂತಿತು. ಇದರಲ್ಲಿ ಡೆಂಗಿಯ ಸುಸ್ತು ಸೇರಿಲ್ಲ, ಗೊತ್ತು. ಆದರೂ ಶೇ. 7 ಅನ್ನುವುದು "ಎಲ್ಲ ಹೋಯಿತು" ಅನ್ನುವುದಕ್ಕಿಂತ ತುಂಬಾ ಚಿಕ್ಕದು. ಈ ಅಂಕಿ ನನಗೆ ಕೊಟ್ಟ ಸಮಾಧಾನವನ್ನು ಯಾವ ಮೆಸೇಜೂ ಕೊಡಲಿಲ್ಲ.

ಹಿಮ್ಮಡಿ

ಏಪ್ರಿಲ್‌ನಲ್ಲಿ ನಿಧಾನಕ್ಕೆ ಓಟಕ್ಕೆ ಮರಳಿದೆ. ಡಾಕ್ಟರ್ ಇಸಿಜಿ, ಎಕೋ ಮಾಡಿಸಿ, ಆಗಬಹುದು ಅಂದ ಮೇಲೆಯೇ. ಮೊದಲು ಕೆರೆ ಸುತ್ತ, ಆಮೇಲೆ ಲಲಿತಮಹಲ್ ರಸ್ತೆ, ಆಮೇಲೆ ಬೆಟ್ಟ. ನಂದಿಯ ಹತ್ತಿರ ಒಂದು ನಿಮಿಷ ನಿಂತು ನೀರು ಕುಡಿದು ಮುಂದಕ್ಕೆ. ಮೇ ಶುರುವಿನಲ್ಲಿ ಒಂದು ಬೆಳಗ್ಗೆ ಹಾಸಿಗೆಯಿಂದ ಕಾಲು ಇಟ್ಟರೆ ಎಡ ಹಿಮ್ಮಡಿಯ ಮೇಲೆ ಬಿಗಿತ. ಬಚ್ಚಲಿಗೆ ಹೋಗುವಷ್ಟರಲ್ಲಿ ಸಡಿಲವಾಯಿತು. ವಾರದೊಳಗೆ ಸಡಿಲವಾಗುವುದು ನಿಂತಿತು. ಅಕಿಲಿಸ್. ಮೀನಖಂಡವನ್ನು ಹಿಮ್ಮಡಿ ಎಲುಬಿಗೆ ಕಟ್ಟುವ ಗಟ್ಟಿ ಪಟ್ಟಿ. ಏರು ಹತ್ತುವಾಗ ಭಾರವೆಲ್ಲ ಅದರ ಮೇಲೆ. ಹತ್ತುವ ಓಟಕ್ಕೆ ತಯಾರಾಗುವವರಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ.

ಫಿಸಿಯೋ ಮೇಡಂ ಹತ್ತಿರ ಹೋದದ್ದು ಒಂದು ಮಂಗಳವಾರ ಸಂಜೆ. ಆಚೆ ಮಳೆ ಬರುವ ಹಾಗಿತ್ತು. ಅವರು ಒತ್ತಿ ನೋಡಿದರು, ಒಂಟಿ ಕಾಲಲ್ಲಿ ತುದಿಗಾಲು ಎತ್ತಿಸಿದರು, ಎಣಿಸಿದರು. ನಾನು ತಡೆಯಲಾರದೆ ಕೇಳಿದೆ.

"ಓಡೋಕಾಗುತ್ತಾ ಮೇಡಂ?"

"ಯಾವತ್ತು?"

"ಜೂನ್ ಒಂಬತ್ತಕ್ಕೆ."

"ಅದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಇವತ್ತು ಅದನ್ನ ತಿಳ್ಕೊಳ್ಳೋಕೂ ಆಗಲ್ಲ."

ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಹತ್ತಿರ ಎಳೆದುಕೊಂಡರು. ಮೇ 26ಕ್ಕೆ ಒಂದು ಸುತ್ತು ಹಾಕಿದರು. ಭಾನುವಾರ. ಓಟಕ್ಕೆ ಸರಿಯಾಗಿ ಎರಡು ವಾರ ಮುಂಚೆ. "ಶನಿವಾರ ಬೆಳಗ್ಗೆ ರಸ್ತೆಯಲ್ಲಿ ಬೆಟ್ಟ ಹತ್ತಿ ಇಳೀರಿ. ಭಾನುವಾರ ಎದ್ದಾಗ ಮೊದಲ ಹತ್ತು ಹೆಜ್ಜೆ ಹೇಗಿದೆ ಅಂತ ನನಗೆ ಫೋನ್ ಮಾಡಿ. ಆವತ್ತು ಇಬ್ಬರೂ ಸೇರಿ ತೀರ್ಮಾನ ಮಾಡೋಣ. ಅಲ್ಲೀವರೆಗೂ ನೀವು ಹೋಗ್ತಾನೂ ಇಲ್ಲ, ಬಿಟ್ಟೂ ಇಲ್ಲ. ಯಾರಾದ್ರೂ ಕೇಳಿದ್ರೆ ಇಪ್ಪತ್ತಾರಕ್ಕೆ ಹೇಳ್ತೀನಿ ಅನ್ನಿ. ನೀವೇ ನಿಮ್ಮನ್ನ ಕೇಳ್ಕೊಂಡ್ರೂ ಅದೇ ಉತ್ತರ."

ಆ ಮಾತು ಕೇಳಿದ ಕೂಡಲೇ ಎದೆಯಿಂದ ಏನೋ ಇಳಿದ ಹಾಗಾಯಿತು. ಕಾಲು ನೋವು ಹಾಗೇ ಇತ್ತು. ಓಡುವ ಸಾಧ್ಯತೆ ಒಂದು ಕೂದಲೆಳೆಯೂ ಹೆಚ್ಚಾಗಿರಲಿಲ್ಲ. ಆದರೆ ರಾತ್ರಿಯೆಲ್ಲ ನಾನು ಒಬ್ಬಳೇ ನಡೆಸುತ್ತಿದ್ದ ವಿಚಾರಣೆ ನಿಂತಿತು. ಬೆಳಗ್ಗೆ ಬಿಗಿತ ಕಮ್ಮಿ ಇದ್ದರೆ ಓಡುತ್ತೇನೆ, ಮಧ್ಯಾಹ್ನ ನೋವು ಬಂದರೆ ಓಡಲ್ಲ, ಸಂಜೆ ಮತ್ತೆ ಓಡುತ್ತೇನೆ ಅಂತ ದಿನಕ್ಕೆ ಹತ್ತು ಸಲ ತೀರ್ಪು ಕೊಟ್ಟುಕೊಳ್ಳುತ್ತಿದ್ದೆ. ಅದೇ ನನ್ನನ್ನು ಸುಸ್ತು ಮಾಡುತ್ತಿದ್ದದ್ದು.

ಆ ಎರಡು ಸಮಾಧಾನಗಳು ಯಾಕೆ ನೋಯಿಸುತ್ತಿದ್ದವು ಅಂತ ನನಗೆ ಹೊಳೆದದ್ದು ಇಲ್ಲಿ. "ಓಡೇ ಓಡ್ತೀಯ" ಅನ್ನುವವರೂ "ಮುಂದಿನ ವರ್ಷ" ಅನ್ನುವವರೂ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಒಬ್ಬರು ಬಾಗಿಲು ಪೂರ್ತಿ ತೆಗೆದಿದ್ದಾರೆ, ಇನ್ನೊಬ್ಬರು ಮುಚ್ಚಿದ್ದಾರೆ. ಮುಂದಾಗುವುದು ನಮಗೆ ಗೊತ್ತು ಅನ್ನುತ್ತಿದ್ದಾರೆ ಇಬ್ಬರೂ. ನಾನು ಮಾತ್ರ ಗೊತ್ತಿಲ್ಲದ ಜಾಗದಲ್ಲಿ ಒಬ್ಬಳೇ ನಿಂತಿದ್ದೆ. ಅಲ್ಲಿ ನನ್ನ ಜೊತೆ ಬಂದು ನಿಲ್ಲುವವರು ಬೇಕಿತ್ತು. ಮನಸ್ಸು ಗಟ್ಟಿಯಾಗಿರುವುದು ಅಂದರೆ ಒಳ್ಳೆಯದೇ ಆಗುತ್ತದೆ ಅಂತ ನಂಬುವುದು ಅಂದುಕೊಂಡಿದ್ದೆ. ಹೊತ್ತಿಗೆ ಮುಂಚೆ ತೀರ್ಮಾನ ಮಾಡದೆ ಇರುವುದೇ ಅದಕ್ಕಿಂತ ಕಷ್ಟ, ಅದಕ್ಕಿಂತ ಗಟ್ಟಿ. ಹತಾಶೆ ಕೂಡ ಒಂದು ಅವಸರ. ಅದು ಬೇಗ ಮುಗಿಸಿಬಿಡೋಣ ಅನ್ನುತ್ತದೆ.

ಹಿಮ್ಮಡಿಗೆ ಅವರು ಕೊಟ್ಟ ಕೆಲಸ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸುವುದು. ಒಂದು ಸುತ್ತಿಗೆ ಹದಿನೈದು, ಮೂರು ಸುತ್ತು, ಬೆಳಗ್ಗೆ ಸಂಜೆ. ಇದಕ್ಕೆ ಹೆಸರು ತಂದವರು ಸ್ವೀಡನ್ನಿನ ಮೂಳೆ ಡಾಕ್ಟರ್ ಹೋಕನ್ ಆಲ್ಫ್ರೆಡ್ಸನ್. ಅವರು ಸ್ವತಃ ಓಡುವವರು, ಅವರಿಗೇ ಅಕಿಲಿಸ್ ನೋವು. ಆಪರೇಷನ್ ಮಾಡಿ ಅಂದರೆ ಮೇಲಿನವರು ಒಪ್ಪಲಿಲ್ಲವಂತೆ. ಹಾಗಾದರೆ ಇದನ್ನು ಪೂರ್ತಿ ಕಿತ್ತುಹೋಗುವ ಹಾಗೆ ಮಾಡುತ್ತೇನೆ, ಆಗಲಾದರೂ ಆಪರೇಷನ್ ಮಾಡಲೇಬೇಕಾಗುತ್ತದೆ ಅಂತ ಭಾರ ಹಾಕಿ ಹಾಕಿ ಹಿಮ್ಮಡಿ ಇಳಿಸಿದರು. ಕಿತ್ತುಹೋಗಲಿಲ್ಲ. ನೋವು ಕಮ್ಮಿಯಾಯಿತು. 1998ರಲ್ಲಿ 15 ಜನ ಹವ್ಯಾಸಿ ಕ್ರೀಡಾಪಟುಗಳ ಮೇಲೆ ಹನ್ನೆರಡು ವಾರದ ಅದೇ ವ್ಯಾಯಾಮದ ಫಲಿತಾಂಶ ಪ್ರಕಟಿಸಿದರು. ಜಗತ್ತಿನ ಫಿಸಿಯೋಗಳೆಲ್ಲ ಈಗ ಅದನ್ನೋ ಅದರ ಬದಲಾದ ರೂಪವನ್ನೋ ಮಾಡಿಸುತ್ತಾರೆ. ಈ ಕತೆ ನನಗೆ ತುಂಬಾ ಇಷ್ಟ. ಇಲ್ಲಿ ಆಶೆಯೇ ಇಲ್ಲ. ಮನುಷ್ಯ ಸಿಟ್ಟಿನಲ್ಲಿ, ಬೇಸರದಲ್ಲಿ ಮಾಡಿದ ಕೆಲಸ. ಪಟ್ಟಿಗೆ ಅವರ ಬೇಸರ ಗೊತ್ತಾಗಲಿಲ್ಲ. ಅದಕ್ಕೆ ಭಾರ ಬೇಕಿತ್ತು, ಸಿಕ್ಕಿತು. ಬೇಸರ ಬಂದ ದಿನವೂ ನಾನು ಮೆಟ್ಟಿಲ ಮೇಲೆ ನಿಂತದ್ದು ಈ ಕತೆಯ ಬಲದಿಂದ. ಮನಸ್ಸು ಸರಿಹೋಗಲಿ, ಆಮೇಲೆ ಮಾಡೋಣ ಅಂತ ಕಾಯಬೇಕಾಗಿರಲಿಲ್ಲ.

ನೀರಿನ ಮೇಜು

ಓಡುವ ಹಾಗಿಲ್ಲದ ದಿನಗಳಲ್ಲಿ ಸರಸ್ವತಿಪುರಂನ ಈಜುಕೊಳದಲ್ಲಿ, ಕಾಲು ತಳ ಮುಟ್ಟದ ಕಡೆ, ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು ನೀರಿನಲ್ಲೇ ಓಡಿದೆ. ಹಿಮ್ಮಡಿಗೆ ಭಾರ ಇಲ್ಲ, ಎದೆಗೆ ಕೆಲಸ ಇದೆ. ಬೇಸರದ ಕೆಲಸ ಅದು. ಗೋಡೆ ಗಡಿಯಾರ ಬಿಟ್ಟರೆ ನೋಡಲು ಏನೂ ಇಲ್ಲ.

ನಿಜವಾಗಿ ನನ್ನನ್ನು ಹಿಡಿದಿಟ್ಟದ್ದು ಭಾನುವಾರಗಳು. ನಮ್ಮ ಗುಂಪಿನಲ್ಲಿ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಅಂಕಲ್ ಅನ್ನುತ್ತೇವೆ. ಅವರು ನನಗೆ ಎರಡು ಸಮಾಧಾನಗಳಲ್ಲಿ ಒಂದನ್ನೂ ಹೇಳಲಿಲ್ಲ. ಶನಿವಾರ ರಾತ್ರಿ ಫೋನ್ ಮಾಡಿ, "ನಾಳೆ ಬೆಟ್ಟದ ಬುಡದಲ್ಲಿ ನೀರು ಕೊಡೋಕೆ ಯಾರೂ ಇಲ್ಲಮ್ಮ, ಬರ್ತೀಯಾ?" ಅಂದರು. ಹೋದೆ. ಕಾರಿನ ಡಿಕ್ಕಿ ತೆಗೆದು ಬಾಳೆಹಣ್ಣು, ಕಡಲೆ ಚಿಕ್ಕಿ, ಉಪ್ಪು ಹಾಕಿದ ಸೌತೆಕಾಯಿ, ಓಆರ್‌ಎಸ್ ಕಲಸಿದ ನೀರು ಜೋಡಿಸಿದೆ. ಕತ್ತಲೆ ಇದ್ದಾಗಲೇ ಹೊರಟವರು ಬೆಳಕಾದ ಮೇಲೆ ಒಬ್ಬೊಬ್ಬರೇ ಬಂದರು. ಬೆವರು, ಧೂಳು, ಏದುಸಿರು. ಯಾರ ಉಪ್ಪು ಕಮ್ಮಿಯಾಗಿದೆ, ಯಾರು ಕಾಲು ಎಳೆಯುತ್ತಿದ್ದಾರೆ, ಯಾರು ಸುಮ್ನೆ ನಗುತ್ತಾ ನೋವು ಮುಚ್ಚಿಡುತ್ತಿದ್ದಾರೆ ಅಂತ ನಿಂತು ನೋಡುವವಳಿಗೆ ಚೆನ್ನಾಗಿ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಅವರ ಕಿಲೋಮೀಟರ್ ಓದುವಾಗ ಬರುತ್ತಿದ್ದ ಅಸೂಯೆ ಅಲ್ಲಿ ಬರಲಿಲ್ಲ. ಲೋಟ ಕೈಗಿಡುವಾಗ ಅವರ ಕೈ ನಡುಗುವುದು ಗೊತ್ತಾಗುತ್ತಿತ್ತು. ಆ ಓಟದಲ್ಲಿ ನಾನೂ ಇದ್ದೆ. ಗಾಯವಾದವರು ಗುಂಪಿನಿಂದ ಮೊದಲು ಕಳೆದುಕೊಳ್ಳುವುದು ಬೆಳಗಿನ ಜಾಗವನ್ನು. ಐದು ಗಂಟೆಗೆ ಎಲ್ಲಿರಬೇಕು ಅನ್ನುವುದನ್ನು. ಅಂಕಲ್ ನನಗೆ ಅದನ್ನು ವಾಪಸ್ ಕೊಟ್ಟರು.

ಶನಿವಾರ, ಮೇ 25, ಬೆಟ್ಟ ಹತ್ತಿ ಇಳಿದೆ. ಭಾನುವಾರ ಎದ್ದೆ. ಮೊದಲ ಕೆಲವು ಹೆಜ್ಜೆ ಬಿಗಿ, ಆಮೇಲೆ ಇಲ್ಲ. ಫೋನ್ ಮಾಡಿದೆ. "ಓಡಬಹುದು, ಮುಗಿಯುತ್ತೆ ಅಂತ ನಾನು ಹೇಳಲ್ಲ. ನೋವಿನ ಮಾತ್ರೆ ತಗೊಂಡು ಮಾತ್ರ ಓಡಬೇಡಿ, ಅಷ್ಟು ಹೊತ್ತಿನ ಓಟದಲ್ಲಿ ಕಿಡ್ನಿಗೆ ಒಳ್ಳೇದಲ್ಲ" ಅಂದರು. ಹೋಗುವುದು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು.

ಡರ್ಬನ್‌ನ ಬೆಳಗಿನ ಕತ್ತಲು, ಸಾವಿರಾರು ಜನ, ರಸ್ತೆ ಪಕ್ಕ ಬೆಂಕಿ ಹಾಕಿ ಮಾಂಸ ಸುಡುತ್ತಾ ಕೂಗುತ್ತಿದ್ದ ಮನೆಮಂದಿ, ಕಿತ್ತಳೆ ಹೋಳು ಹಿಡಿದ ಮಕ್ಕಳು. ಆ ದಿನದ ಬಗ್ಗೆ ಬೇರೆಯೇ ಬರೆಯಬೇಕು. ಹಿಮ್ಮಡಿ ಕೈಕೊಡಲಿಲ್ಲ. ತಯಾರಿ ಸಾಲಲಿಲ್ಲ, ಅಷ್ಟೇ. ಡೆಂಗಿ ತಿಂದ ವಾರಗಳು ಇಂಚಂಗಾದ ಮೇಲೆ ಲೆಕ್ಕ ಕೇಳಿದವು. ಗೇಟಿನಲ್ಲಿ ಒಬ್ಬ ಹೆಂಗಸು ನನ್ನ ಭುಜ ಹಿಡಿದು ಬಸ್ಸಿನ ಕಡೆ ತೋರಿಸಿದರು. ಬಸ್ಸಿನಲ್ಲಿ ಕೂತವರಲ್ಲಿ ಕೆಲವರು ಅಳುತ್ತಿದ್ದರು, ಕೆಲವರು ನಿದ್ದೆ ಹೋಗಿದ್ದರು. ನನಗೂ ದುಃಖವಾಯಿತು. ಸಣ್ಣ ದುಃಖವಲ್ಲ. 1921ರಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ ಜೊತೆಗಾರರ ನೆನಪಿಗೆ ವಿಕ್ ಕ್ಲಾಫಮ್ ಅನ್ನುವ ರೈಲು ಚಾಲಕ ಈ ಓಟ ಶುರು ಮಾಡಿದಾಗ ಹೊರಟವರು 34 ಜನ, ಮುಟ್ಟಿದವರು 16. ಮುಟ್ಟದ ಆ 18 ಜನರ ಬಗ್ಗೆ ಬಸ್ಸಿನಲ್ಲಿ ಕೂತು ತುಂಬಾ ಹೊತ್ತು ಯೋಚಿಸಿದೆ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಎಲ್ಲ ಬಾಗಿಲನ್ನೂ ತೆರೆದಿಡಲು ಆಗುವುದಿಲ್ಲ. ನಮ್ಮ ಗುಂಪಿನ ಒಬ್ಬರಿಗೆ ವೈರಲ್ ಜ್ವರದ ನಂತರ ಹೃದಯದ ಸ್ನಾಯುವಿಗೆ ಊತ ಬಂದಿತ್ತು. ಮೂರರಿಂದ ಆರು ತಿಂಗಳು ಓಟ ಬೇಡವೇ ಬೇಡ ಅಂದರು ಡಾಕ್ಟರ್. ಅಲ್ಲಿ ತೀರ್ಮಾನದ ತಾರೀಕು ನಮ್ಮ ಕೈಯಲ್ಲಿಲ್ಲ. ಅಂಥ ಹೊತ್ತಿನಲ್ಲಿ "ಮನಸ್ಸು ಮಾಡಿದರೆ ಆಗುತ್ತೆ" ಅನ್ನುವ ಮಾತು ಜೀವಕ್ಕೇ ಅಪಾಯ. ಜ್ವರ ಇರುವಾಗ, ಎದೆ ನೋವು ಇರುವಾಗ, ಎಲುಬು ಬಿರುಕು ಬಿಟ್ಟಿರುವಾಗ ಪ್ರಶ್ನೆ ಆಗಲೇ ಮುಗಿದಿರುತ್ತದೆ. ಮುಗಿದ ಪ್ರಶ್ನೆಯನ್ನು ಮುಗಿದಿದೆ ಅಂತ ಒಪ್ಪಿಕೊಳ್ಳುವುದಕ್ಕೂ ಜೊತೆಯವರು ಬೇಕು. ಗುಂಪಿನ ಆ ಒಬ್ಬರಿಗೂ ಈಗ ಭಾನುವಾರ ನೀರಿನ ಮೇಜಿನ ಕೆಲಸ ಇದೆ.

ಈ ವಾರ ನಮ್ಮ ಗುಂಪಿನ ಒಬ್ಬ ಹುಡುಗ ಫೋನ್ ಮಾಡಿದ್ದ. ಸೆಪ್ಟೆಂಬರ್‌ನಲ್ಲಿ ಲಡಾಖ್‌ನ ಖರ್ದುಂಗ್ ಲಾ ಓಟಕ್ಕೆ ಹೆಸರು ಕೊಟ್ಟಿದ್ದಾನೆ, 72 ಕಿಲೋಮೀಟರ್. ಮೊಣಕಾಲಿನ ಹೊರಬದಿ ನೋವು. "ಅಕ್ಕಾ, ಆಗುತ್ತಾ?" ಅಂದ. ಯಾವತ್ತು ತೀರ್ಮಾನ ಮಾಡಬೇಕು ಅಂತ ಫಿಸಿಯೋ ಹೇಳಿದ್ದಾರಾ ಅಂತ ಕೇಳಿದೆ. ಇಲ್ಲ ಅಂದ. ಮಾರನೇ ದಿನ ಹೋಗಿ ಕೇಳಿಕೊಂಡು ಬಂದ. ಲೇಹ್‌ನ ಗಾಳಿಗೆ ಹೊಂದಿಕೊಳ್ಳಲು ಮುಂಚೆಯೇ ಹೊರಡಬೇಕಲ್ಲ, ಅದಕ್ಕೇ ಆಗಸ್ಟ್ ಮಧ್ಯದ ಒಂದು ಭಾನುವಾರ ಗೊತ್ತು ಮಾಡಿದ್ದಾರೆ. ಅವನ ಅಮ್ಮನಿಗೂ ಆ ತಾರೀಕು ಹೇಳಿದ್ದೇನೆ, ಅವರು ದಿನಾ ಕೇಳುವುದು ನಿಲ್ಲಿಸಲಿ ಅಂತ. ಅಷ್ಟರವರೆಗೆ ಅವನಿಗೆ ಈಜುಕೊಳ ಇದೆ. ಬೆಲ್ಟ್ ನನ್ನದೇ ಕೊಟ್ಟಿದ್ದೇನೆ.